ಡಬ್ಬಣದ ಪರೀಕ್ಷೆ

ಸಿಂಧನೂರು
೧೧ ಫೆಬ್ರವರಿ ೨೦೨೪

ಪ್ರೀತಿಯ ತಂಗಿ ಶಿವರಂಜನಿ,

‘ಮರೆವಿನಂಥ ಮುಲಾಮಿಲ್ಲ’ ಅಂತ ಏನೋ ಒಂದು ಸಾಲಿತ್ತಲ್ಲ, ಮುಂದಿನದು ನೆನಪಾಗುತ್ತಿಲ್ಲ. ಬರೆದವರಿಗೆ ಯಾರಾದರೂ ಡಬ್ಬಣ ಚುಚ್ಚಿದ್ದರೇ? ನಿನ್ನ ಫೋನು ಎತ್ತಲಿಲ್ಲವೆಂದು ಬೇಸರಿಸಬೇಡ. ಫೋನಿನಲ್ಲಾದರೆ ನೀನು ನಡುವೆ ಅಳುತ್ತೀ. ಇದನ್ನು ಪೂರ್ತಿ ಓದು.

ಸೋಮವಾರ ನನ್ನ ಲ್ಯಾಬಿಗೆ ಮಸ್ಕಿಯ ಜಂಬಮ್ಮ ಬಂದಿದ್ದಳು, ಒಂದು ಕಾಲಕ್ಕೆ ನನ್ನ ಅತ್ತೆ ಅನ್ನಿಸಿಕೊಂಡವಳು. ಜೊತೆಗೆ ಮೊಮ್ಮಗಳು ವಿಜಯಶ್ರೀ. ನನ್ನನ್ನು ಬಿಟ್ಟ ಮೇಲೆ ಆಕೆಯ ಮಗ ಕಟ್ಟಿಕೊಂಡವಳ ಮಗಳು. ಹುಡುಗಿಯ ಬೆನ್ನ ಮೇಲೆ ಬಿಳಿ ಕಲೆ. ಮದುವೆ ನಿಶ್ಚಯವಾದ ಲಿಂಗಸುಗೂರಿನ ಬೀಗರು ತೊನ್ನೆಂದು ಅನುಮಾನಿಸಿ, ತಾವೂ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಮುದುಕಿಗೆ ನನ್ನ ಗುರುತು ಹತ್ತಿತು. ‘ನೀನ ನೋಡಾಕಿಯೇನು?’ ಅಂದಳು.

‘ಹೂಂನ್ರೀ. ಡಬ್ಬಣ ತಂದೀರೇನು?’

ನಿನಗೆ ನೆನಪಿದೆ. ನನ್ನ ಬೆನ್ನಿನ ಕಲೆಗೆ ಓಣಿಯ ಹೆಂಗಸರ ಮುಂದೆ ಡಬ್ಬಣ ಚುಚ್ಚಿ, ‘ರಕ್ತ ಬರವಲ್ದು, ಇದು ತೊನ್ನ’ ಎಂದು ತವರಿಗೆ ಅಟ್ಟಿದವಳು ಆಕೆಯೇ. ಎಂ.ಎಸ್ಸಿ. ಓದುವಾಗ ಗೆಳತಿ ನನ್ನ ಬೆನ್ನು ಕೆರೆದು ನೋಡಿದಾಗಲಷ್ಟೇ ನಿಜ ತಿಳಿಯಿತು.

ಹುಡುಗಿಯ ಚರ್ಮವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದೆ. ಉದುರಿದ ಪುಡಿಗೆ ಕ್ಷಾರದ ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಶಾವಿಗೆ ಚೂರುಗಳ ನಡುವೆ ಸಾಸಿವೆ ಚೆಲ್ಲಿದಂತೆ ಬೂಷ್ಟು. ತೊನ್ನಲ್ಲ, ಬರೀ ಚಿಬ್ಬು. ಮುಲಾಮಿಗೆ ಹೋಗುವಂಥದು. ತಿಳಿದ ಮೇಲೂ ಕಣ್ಣು ಎತ್ತದೆ ಕೂತೆ. ಮುದುಕಿ ಬಳೆ ತಿರುವುತ್ತ ಕಾಯುವ ಸದ್ದು ಹಿತವಾಗಿತ್ತು.

‘ಚಿಬ್ಬ ಐತಿ. ನನಗೂ ಇದ ಇತ್ತು. ಹೊರಗ ಹೋಗಿ ಬೀಗರ ಮುಂದ ಈ ಎರಡೂ ಮಾತು ನೀವ ಹೇಳ್ರಿ. ಆಮ್ಯಾಲೆ ರಿಪೋರ್ಟಿಗೆ ಸಹಿ.’

‘ಎಲ್ಲಾರ ಮುಂದ ಏನವ್ವಾ?’

‘ಡಬ್ಬಣ ಎಲ್ಲಾರ ಮುಂದ ಚುಚ್ಚಿದ್ರಲ್ರೀ.’

ಸೆರಗು ಬಾಯಿಗೆ ಹಿಡಿದು ಹೇಳಿದಳು. ಕೇಳಿಸಲಿಲ್ಲವೆಂದು ಸೆರಗು ತೆಗೆಸಿ ಇನ್ನೊಮ್ಮೆ ಹೇಳಿಸಿದೆ. ಬೀಗರು ತಲೆ ತಗ್ಗಿಸಿದರು. ಸಹಿ ಮಾಡಿದೆ.

ಮಕ್ಕಳಿಗೆ ಆಶೀರ್ವಾದ. ಅವರ ಬೆನ್ನ ಮೇಲೆ ಯಾವ ಕಲೆಯೂ ಏಳದಿರಲಿ.

ನಿನ್ನ ಅಕ್ಕ,
ನೀಲಾಂಬಿಕೆ

ಮರೆತಿದ್ದು: ಡಬ್ಬಣದ ಗುರುತು ಯಾವಾಗಲೋ ಮಾಸಿದೆ. ಆದರೆ ನಾನು ತವರಿಗೆ ಬಂದ ದಿನ ನೀನು ನನ್ನ ಪಕ್ಕದಿಂದ ನಿನ್ನ ಹಾಸಿಗೆ ಸುತ್ತಿ ಅಡುಗೆಮನೆಗೆ ಒಯ್ದೆ. ಇದು ಅಂಟುವ ರೋಗವಲ್ಲ ಎಂದು ಆಮೇಲೆ ನಾನು ತಿಳಿಸಿದೆ. ‘ಹೌದಾ’ ಅಂದೆ ನೀನು, ಹಾಸಿಗೆ ತಿರುಗಿ ಬರಲಿಲ್ಲ.

ಈಗಷ್ಟೇ ಪಕ್ಕದ ಮನೆಯ ಹಸೀನಾಬೀ, ಈ ಎರಡೂ ಕಥೆ ಬಲ್ಲವಳು, ಬಾಗಿಲಲ್ಲಿ ನಿಂತು, ಯಾರಿಗೆ ಬರೀತೀ ಎಂದು ಕೇಳಿದಳು. ತಂಗಿಗೆ, ಎಂದೆ.

‘ಮುದುಕಿ ಬಾಯಿ ಬಿಡಿಸಿದಿ. ತಂಗೀನ ಯಾವಾಗ ಆ ಬೆಂಚಿನ ಮುಂದ ನಿಂದ್ರಸ್ತಿ, ಅಕ್ಕಾ?’