ಎರಡನೇ ಲೋಟದ ಕೆಂಪು

ಫೆಬ್ರವರಿ ೩, ಸೋಮವಾರ

ಕಂಡವರ ವಹಿ ಕದ್ದು ಓದುವವಳೇ, ನಾಚಿಕೆ ಇಲ್ಲವೇ? ಹಾಳೆಯ ಮೇಲೆ ಜೋಳದ ಹಿಟ್ಟಿನ ಬೆರಳಚ್ಚು ಮೂಡಿದೆ. ಈ ಮನೆಯಲ್ಲಿ ರೊಟ್ಟಿ ಬಡಿಯುವ ಸೊಸೆ ನೀನೊಬ್ಬಳೇ, ಜಯಮಾಲಾ. ಓದು. ಓದಿ, ಜೇವರ್ಗಿ ಬಜಾರಿನಲ್ಲಿ ಖಾರದಪುಡಿ ಮಾರುವ ನಿನ್ನಣ್ಣ ಹಣಮಂತ್ರಾಯನ ಕಿವಿಗೆ ಊದು.

ಯಡ್ರಾಮಿಯ ಮದುವೆ ಪಂಕ್ತಿಯಲ್ಲಿ ಅವನೇ ಅಂದನಲ್ಲ— “ಗೌರಾಬಾಯಿ ಖಾರದಾಗ ಬಣ್ಣ ಕೂಡಿಸ್ಯಾಳ, ಉಣಬ್ಯಾಡ್ರಿ!” ನಲವತ್ತು ವರ್ಷ ಮದುವೆ ಮನೆಗಳಿಗೆ ಖಾರ ಕುಟ್ಟಿದ ಕೈ ಇದು. ಅಂದಿನಿಂದ ಒಬ್ಬರೂ ಕರೆದಿಲ್ಲ.

ಫೆಬ್ರವರಿ ೯

ಮೊಮ್ಮಗಳು ಸೀಮಾ, ಹೈಸ್ಕೂಲಿನ ಸೈನ್ಸ್ ಟೀಚರ್, ನಾಳಿನ ಪಾಠಕ್ಕೆ ಬೂಟಿನ ಡಬ್ಬಿ ಕೊರೆಯುತ್ತಿದ್ದಳು. ಈ ಕಡೆ ಬ್ಯಾಟರಿ ದೀಪ, ನಡುವೆ ಗಾಜಿನ ಲೋಟ, ಆ ಕಡೆ ಮೊಬೈಲು— ಎಷ್ಟು ಬೆಳಕು ದಾಟಿತೆಂದು ಅಂಕಿ ತೋರಿಸುತ್ತದೆ.

“ಬಣ್ಣ ಬೆಳಕು ತಿಂತದ, ಆಯಿ. ಕೆಂಪು ನೀರು ಹಸಿರು ಬೆಳಕು ನುಂಗ್ತದ, ಕೆಂಪು ಬಿಡ್ತದ.”

ಕಿವಿ ನೆಟ್ಟಗಾಯಿತು. ಎರಡು ಲೋಟ ನೀರಿಗೆ ಖಾರ ಕಲಸಿದೆ. ಒಂದು ನನ್ನದು. ಎರಡನೆಯದು ಅವಳ ಸೋದರಮಾವ ಹಣಮಂತ್ರಾಯನ ಅಂಗಡಿಯದು. ಯಾರದೆಂದು ಹೇಳಲಿಲ್ಲ.

ಹಸಿರು ಜಿಲೆಟಿನ್ ಪೇಪರ್ ಅಡ್ಡ ಇಟ್ಟಳು. ಬರೀ ನೀರು ೨೦೦. ಅವನದು ೬೦. ನನ್ನದು... ೭೦!

“ಚೊಕ್ಕ ಖಾರ ನೀರಿಗೆ ಇಷ್ಟು ಬಣ್ಣ ಬಿಡೂದಿಲ್ಲ. ಎರಡೂ ಕಳ್ಳ ಅವ, ಆಯಿ!” ನಕ್ಕಳು.

ಫೆಬ್ರವರಿ ೧೪

ಇವತ್ತು ಹೊಳೆಯಿತು. ಖಾರ ಕೆಡದಿರಲೆಂದು ಎಣ್ಣೆ ಸವರುತ್ತೇನಲ್ಲ— ನೀರು ಮಬ್ಬಾಗದೇ ಇದ್ದೀತೇ? ಒಂದು ಲೋಟ ನನ್ನದೆಂದು ಸೀಮಾಗೆ ಹೇಳಿದೆ. ಅವಳು ಮತ್ತೆ ಖಾರ ಕಲಸಿ, ಕೆಂಪು ಪೇಪರ್ ಇಟ್ಟು ನೋಡಿದಳು. ನನ್ನ ಲೋಟ ಕೆಂಪು ಬೆಳಕನ್ನೂ ತಡೆಯಿತು. ಎರಡನೆಯದು ಸರಾಗ ಬಿಟ್ಟಿತು.

“ಮಬ್ಬು ಎಲ್ಲಾ ಬೆಳಕೂ ತಡೀತದ. ಬಣ್ಣ ಆರಿಸಿ ತಿಂತದ. ನಿಂದು ಬರೇ ಎಣ್ಣಿ, ಆಯಿ!”

ಎಣ್ಣೆ, ಪುಡಿ ಹೋಗುವಂತೆ ಎರಡನ್ನೂ ಸೋಸಿ, ಮತ್ತೆ ಹಸಿರು ಇಟ್ಟಳು. ನನ್ನದು ೧೮೦. ಅವನದು ಅದೇ ೬೦.

“ಎರಡನೇದು ಯಾವ ಹಲ್ಕಟ್ ಮಾರ್ಯಾನ?”

“ನಿಮ್ಮ ಮಾಮಾ, ಬೇ.”

ಹುಡುಗಿ ಹೊಸ ನೀರು ತಂದು ಇನ್ನೂ ಮೂರು ಸಲ ನೋಡಿದಳು. ಮೂರು ಸಲವೂ ಅಷ್ಟೇ. ನನ್ನ ಹೊಟ್ಟೆ ತಣ್ಣಗಾಯಿತು.

ಫೆಬ್ರವರಿ ೨೦

ಜಯಮಾಲಾ, ಹಾಳೆಯ ಮೇಲೆ ಈ ಸಲ ಹಿಟ್ಟಿಲ್ಲ, ಕಣ್ಣೀರಿದೆ. ಅಳು. ಪಂಕ್ತಿಯಲ್ಲಿ ನಾನು ಅತ್ತಾಗ ನೀನು ಅಣ್ಣನ ಪಕ್ಕ ಕೂತು ಹೋಳಿಗೆ ಮುರಿಯುತ್ತಿದ್ದೆ.

ಬರುವ ತಿಂಗಳು ಅವನ ಮಗಳ ಮದುವೆ. ಅದೇ ಯಡ್ರಾಮಿ, ಅದೇ ಜನ. ಅಡುಗೆಗೆ ನನ್ನ ಖಾರವೇ ಬೀಳಬೇಕು. ಪಂಕ್ತಿಯಲ್ಲಿ ನಿಂತು ಅವನೇ ಹೇಳಬೇಕು— “ಗೌರಾಬಾಯಿದು ಚೊಕ್ಕ ಅದ, ಬಣ್ಣ ಇದ್ದದ್ದು ನನ್ನ ಖಾರದಾಗ.” ಇಲ್ಲವಾದರೆ ಡಬ್ಬಿ, ಲೋಟ ಹೊತ್ತು ನಾನೇ ಬರುತ್ತೇನೆ. ಉಣ್ಣಲು ಕೂತವರಿಗೆಲ್ಲ ಸೀಮಾ ಪಾಠ ಮಾಡುತ್ತಾಳೆ. ಹೂಂ ಅಂದಿದ್ದಾಳೆ.

ಬಾಯಿಮಾತು ಬೇಡ. ಕೆಳಗೆ ಜಾಗ ಬಿಟ್ಟಿದ್ದೇನೆ. ಅವನ ಕೈಯಿಂದಲೇ ಉತ್ತರ ಬರೆಸು, ಮಾರ್ಚ್ ಹುಟ್ಟುವುದರೊಳಗೆ—