ಅವಳ ಫೋನಿನ ಪಾಸ್‌ವರ್ಡ್

ಮಾರ್ಚ್ ೧೪, ಗುರುವಾರ

ತನ್ನ ತಮ್ಮನನ್ನು ಆಡಿಕೊಂಡು ನಕ್ಕೆನೆಂದು ಹೆಂಡತಿ ಮೊನ್ನೆಯಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಇವತ್ತು ಮನೆಯ ಇಂಟರ್ನೆಟ್ಟೂ ಕೈಕೊಟ್ಟಿತು. ತಿದ್ದಿದ ಕರಡು ಸಂಜೆಯೊಳಗೆ ಮುದ್ರಣಾಲಯಕ್ಕೆ ಹೋಗಬೇಕಿತ್ತು. ನನ್ನದು ಹಳೆಯ ಬಟನ್ ಫೋನು, ಕರೆಗೆ ಮಾತ್ರ. ಗೋಡೆಗೆ ಹೇಳುವವನಂತೆ, "ಯಾರದಾದ್ರೂ ಫೋನಿಂದ ಈ ಲ್ಯಾಪ್‌ಟಾಪಿಗೆ ನೆಟ್ ಸಿಗುತ್ತಾ?" ಎಂದೆ. ಬಟ್ಟೆ ಮಡಚುತ್ತಿದ್ದವಳು ಎದ್ದು ಬಂದು, ಹಾಟ್‌ಸ್ಪಾಟ್ ಹಾಕಿ, ಫೋನನ್ನು ನನ್ನ ಮೇಜಿನ ಮೇಲಿಟ್ಟಳು.

"ಪಾಸ್‌ವರ್ಡ್?"

"ಮಾತಾಡಲ್ಲ."

"ಮಾತಾಡ್ಬೇಡ ಬಿಡು. ಪಾಸ್‌ವರ್ಡ್ ಒಂದು ಹೇಳು ಸಾಕು."

"ಅದನ್ನೇ ಹೇಳಿದ್ದು. ಮಾತಾಡಲ್ಲ. ಇಂಗ್ಲಿಷ್ ಅಕ್ಷರದಲ್ಲಿ, ಜಾಗ ಬಿಡದೆ. ನಿನ್ನೆ ಇಟ್ಟೆ. ಎಂದಾದ್ರೂ ಕೇಳೇ ಕೇಳ್ತೀರ ಅಂತ ಗೊತ್ತಿತ್ತು."

ನನಗೆ ನಗು ಬಂತು, ಅವಳಿಗೆ ಬರಲಿಲ್ಲ, ಅಥವಾ ಬಂದದ್ದನ್ನು ತಡೆದುಕೊಂಡಳು. ಎರಡು ಸಲ ತಪ್ಪಾಗಿ ಒತ್ತಿದೆ. ಆಮೇಲೆ ಅವಳೇ ನನ್ನ ಹೆಗಲ ಮೇಲೆ ಬಗ್ಗಿ ಒಂದೊಂದೇ ಅಕ್ಷರ ಹೇಳಿಕೊಟ್ಟಳು. ಇಷ್ಟು ವರ್ಷ ಕೇಳಿದ ದನಿಯೇ. ಆದರೂ ಕಿವಿಗೆ ಅಷ್ಟು ಹತ್ತಿರ ಬಂದು ಎಷ್ಟು ಕಾಲವಾಗಿತ್ತೋ ನೆನಪಾಗಲಿಲ್ಲ. ಕೊನೆಯ ಅಕ್ಷರವನ್ನು ಬೇಕೆಂದೇ ತಪ್ಪು ಒತ್ತಿದೆ.

ಅವಳು ಅದನ್ನು ನೋಡಿದಳು. ನೋಡಿಯೂ, "ಎಮ್, ಎ, ಎ..." ಎಂದು ಮೊದಲಿನಿಂದ ಶುರುಮಾಡಿದಳು.