ಅವರನ್ನು ಕೂರಿಸಿದ ಜಾಗ

ಅಕ್ಟೋಬರ್ 27, ಬೆಳಗ್ಗೆ 6. ಕತ್ರಿಗುಪ್ಪೆ
ಲಿಂಗಪೂಜೆ ಮುಗಿಸಿ ಸೂಟ್‌ಕೇಸ್ ತೂಗಿದೆ. ಚಟ್ನಿಪುಡಿಯೇ ಎರಡು ಕೆಜಿ. ಮೊಮ್ಮಗಳು ಪ್ರಕೃತಿ ತನ್ನ ಮ್ಯೂಸಿಯಂ ಕೋರ್ಸ್‌ಗಾಗಿ ಬಾಲ್ಟಿಕ್ ದೇಶಗಳನ್ನು ನೋಡಬೇಕಂತೆ, ಜೊತೆಗೆ ನಾನು. "ಮನೇಲಿದ್ರೆ ತಾತನ ಫೋಟೋ ಒರೆಸ್ಕೊಂಡೇ ಇರ್ತೀರ. ಬನ್ನಿ ಅಜ್ಜಿ."
ಅವರು ಹೋಗಿ ಏಳು ತಿಂಗಳು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಎಲ್ಲಿ ಕೂರಿಸಿದರೋ ನೋಡಿಲ್ಲ. "ನಮ್ಮನೆ ಹೆಂಗಸ್ರು ರುದ್ರಭೂಮಿಗೆ ಬರಲ್ಲ ಅತ್ತಿಗೆ" ಎಂದು ಮೈದುನ ಚಿದಾನಂದ ಗೇಟಿನಲ್ಲೇ ತಡೆದ. ನಿಂತುಬಿಟ್ಟೆ. ಯಾಕೆ ನಿಂತೆನೋ...

ಅಕ್ಟೋಬರ್ 29. ರೀಗಾ
ಇಲ್ಲಿನ ಬಯಲು ಮ್ಯೂಸಿಯಂ ನೋಡಿದೆವು. ಲಾಟ್ವಿಯಾ ರೈತರ ಹಳೇ ಮರದ ಮನೆಗಳನ್ನು ಕಾಡಿನೊಳಗೆ ತಂದು ಜೋಡಿಸಿದ್ದಾರೆ. ಒಂದು ಪುಟ್ಟ ಸ್ನಾನದ ಮನೆ, ಒಳಗೆಲ್ಲ ಮಸಿ. ಹೆರಿಗೆ ಅಲ್ಲೇ ಆಗುತ್ತಿತ್ತಂತೆ. ಸತ್ತವರ ಕೊನೆಯ ಸ್ನಾನವೂ ಅಲ್ಲೇ. ಪ್ರಕೃತಿ ಫೋಟೋ ತೆಗೆದು ಮುಂದೆ ಹೋದಳು. ನಾನು ಹೊಸಿಲಲ್ಲೇ ಉಳಿದೆ.

ನವೆಂಬರ್ 1. ವಿಲ್ನಿಯಸ್
ಇಲ್ಲಿ ಇವತ್ತೂ ನಾಳೆಯೂ ಸತ್ತ ಹಿರಿಯರ ದಿನ. ಸಂಜೆ ಐದಕ್ಕೇ ಕತ್ತಲು. ಗುಡ್ಡದ ತುಂಬ ಸಮಾಧಿ, ಸಮಾಧಿಗೊಂದು ದೀಪ. ಹೆಂಗಸರು ಬಗ್ಗಿ ಎಲೆ ಗುಡಿಸುತ್ತಿದ್ದರು. ಯಾರೂ ಯಾರನ್ನೂ ತಡೆಯಲಿಲ್ಲ.
ಒಳಗೆ ಹೋಗುವಾಗ ಶೂ ಬಿಚ್ಚಿ ಕೈಯಲ್ಲಿ ಹಿಡಿದೆ.
"ಅಜ್ಜಿ, ಟೂ ಡಿಗ್ರಿ ಇದೆ. ಏನ್ ಮಾಡ್ತಿದ್ದೀರ?"
"ಗದ್ದುಗೆ ಹತ್ರ ಯಾರಾದ್ರೂ ಕಾಲಿಗೆ ಹಾಕ್ಕೊಂಡು ಹೋಗ್ತಾರೇನೇ?"
ಒಬ್ಬ ಮುದುಕಿ ಪೊರಕೆ ಬಿಟ್ಟು ಬಂದು ಗದರಿಸಿದಳು — ಭಾಷೆ ತಿಳಿಯಲಿಲ್ಲ, ಗದರಿಕೆ ತಿಳಿಯಿತು. ತನ್ನ ಬೆಂಚಿನಲ್ಲಿ ಕೂರಿಸಿ, ತಾನೇ ಶೂ ತೊಡಿಸಿದಳು. ಎದುರಿನ ಕಲ್ಲು ತೋರಿಸಿ ಉಂಗುರದ ಬೆರಳು ಮುಟ್ಟಿಕೊಂಡಳು. ಗಂಡ. ನಾನು ಆಕಾಶ ತೋರಿಸಿದೆ. ನನ್ನವರದು ಎಲ್ಲಿ ಎಂದು ತೋರಿಸಲು ನನಗೇ ಗೊತ್ತಿಲ್ಲವಲ್ಲ.

ನವೆಂಬರ್ 9. ಕತ್ರಿಗುಪ್ಪೆ
ಚಿದಾನಂದ ಕಾಫಿಗೆ ಬಂದಿದ್ದ. "ಅಷ್ಟು ದೂರ ಹೋಗಿ ಸ್ಮಶಾನ ನೋಡ್ಕೊಂಡ್ ಬಂದ್ರಾ ಅತ್ತಿಗೆ? ಇಲ್ಲೇ ಬನಶಂಕರೀಲಿ ಇತ್ತಲ್ಲ" ಎಂದು ನಕ್ಕ.
"ಹೌದಪ್ಪ, ಇಲ್ಲೇ ಇದೆ. ನಾಳಿದ್ದು ಹೋಗ್ತೀನಿ. ಜಾಗ ಹೇಳು."
ನಗು ನಿಂತಿತು. ಲೋಟ ಕೆಳಗಿಟ್ಟ. ಕಲ್ಲು ಹಾಕಿಸಿಲ್ಲವಂತೆ. ಆಮೇಲೆ ಒಮ್ಮೆಯೂ ಹೋಗಿಲ್ಲವಂತೆ.
"ಆಗಲ್ಲ ಅತ್ತಿಗೆ... ಅಣ್ಣ ಅಲ್ವಾ."
ಬೈಯಬೇಕೆಂದಿದ್ದವಳು ಅವನ ಲೋಟಕ್ಕೆ ಮತ್ತೆ ಕಾಫಿ ಬಗ್ಗಿಸಿದೆ.

ನವೆಂಬರ್ 11
ಇಬ್ಬರೂ ಆಟೋದಲ್ಲಿ ಹೋದೆವು. ಗೇಟು ದಾಟುವಾಗ ಚಿದಾನಂದ ನನ್ನ ಮುಖ ನೋಡಿ ಪಕ್ಕಕ್ಕೆ ಸರಿದ. ಬೇವಿನ ಮರದ ಕೆಳಗೆ ಎರಡು ಗುಡ್ಡೆ, ಎರಡಕ್ಕೂ ಹೆಸರಿಲ್ಲ. "ಇದೇ... ಅಲ್ಲ, ಅದಿರ್ಬೇಕು" ಎಂದು ಅಳತೊಡಗಿದ. ಅರವತ್ತೆಂಟರ ಗಂಡಸು.
ಎರಡರ ಮೇಲಿನ ಕಳೆಯನ್ನೂ ಕಿತ್ತೆ. ನಡುವೆ ಕೂತೆ. ಯಾರದಾದರೇನು, ಇನ್ನೊಬ್ಬರೂ ಕೇಳಿಸಿಕೊಳ್ಳಲಿ. "ಅಲ್ಲಿ ಬ್ರೆಡ್ಡೆಲ್ಲ ಕಪ್ಪು ಕಣ್ರೀ, ರಾಗಿ ಮುದ್ದೆ ಥರ" ಎಂದು ಶುರುಮಾಡಿದೆ. ಆಮೇಲೆ ಶೂ ತೊಡಿಸಿದ ಆ ಮುದುಕಿಯ ಕಥೆ ಹೇಳಿದೆ.